52 ಕೊಟ್ಟ ಮೇಲೆ: ನಮ್ಮ ಯುಎಸ್‌ಸಿ ಡಿಫೆನ್ಸ್‌ಗೆ ಏನಾಗಿದೆ ಸ್ವಾಮಿ?

ಮಂಡ್ಯ_ಟ್ರೋಜನ್ | 4 ನವೆಂಬರ್ 2023

ಈಗಷ್ಟೇ ಲಾಸ್ ಏಂಜಲಿಸ್‌ನ ಕೊಲಿಸಿಯಮ್ ಸ್ಟೇಡಿಯಂನಿಂದ ಮನೆಗೆ ಬಂದೆ. ಗಂಟಲು ಕಟ್ಟಿದೆ, ನಿದ್ದೆ ಬರಲ್ಲ, ಅದಕ್ಕೆ ಇಲ್ಲಿ ಕಕ್ಕಿಬಿಡ್ತೀನಿ. ಕಾಲೇಜು ಅಮೆರಿಕನ್ ಫುಟ್‌ಬಾಲ್: ವಾಷಿಂಗ್ಟನ್ ಯೂನಿವರ್ಸಿಟಿ 52, ನಮ್ಮ ಸದರ್ನ್ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿ (ಯುಎಸ್‌ಸಿ) 42.

ವಾರವೆಲ್ಲ ಹೆದರಿದ್ದು ಅವರ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸೋನು) ಮೈಕೆಲ್ ಪೆನಿಕ್ಸ್ ಕೈಗೆ. ಅವನು ಎಸೀತಾನೆ, ಪಾಸ್ ಹಿಡಿಯೋರನ್ನ ಕಾಯೋ ನಮ್ಮ ಕಾರ್ನರ್‌ಗಳ ಕತೆ ಮುಗೀತು ಅಂತ. ಕೊನೆಗೆ ನಮ್ಮನ್ನ ಉತ್ತು ಹಾಕಿದ್ದು ಚೆಂಡು ಹೊತ್ತು ಓಡೋ ಡಿಲನ್ ಜಾನ್ಸನ್. 26 ಓಟ, 256 ಯಾರ್ಡ್, 4 ಟಚ್‌ಡೌನ್ (ಎದುರಾಳಿ ಗೋಲ್ ಗೆರೆ ದಾಟಿಸಿದರೆ ಆರು ಅಂಕ). ಪಾಸಿಂಗ್‌ಗೆ ಹೆಸರಾದ ತಂಡ ನಮ್ಮ ಮುಂದೆ ಬಂದು, ಎಸೆಯೋ ಕಷ್ಟ ಯಾಕೆ, ನಡ್ಕೊಂಡೇ ಹೋಗೋಣ ಅಂತ ತೀರ್ಮಾನ ಮಾಡಿದ ಹಾಗಿತ್ತು.

ನನ್ನ ಸೀಟು ಎಂಡ್‌ಝೋನ್ ಕಡೆ, ಎತ್ತರದಲ್ಲಿ. ಟಿವಿಯಲ್ಲಿ ಕಾಣದ್ದು ಅಲ್ಲಿಂದ ಕಾಣುತ್ತೆ. ಸ್ನ್ಯಾಪ್ ಆದ ಕೂಡಲೇ, ಅಂದ್ರೆ ಚೆಂಡು ಆಟಕ್ಕೆ ಬಂದ ಕೂಡಲೇ, ನಮ್ಮ ಮುಂದಿನ ಸಾಲಿನವರು ಒಂದು ಪಕ್ಕಕ್ಕೆ ಜಾರ್ತಾರೆ. ನಮ್ಮ ಡಿಫೆನ್ಸ್ ಕೋಚ್ ಅಲೆಕ್ಸ್ ಗ್ರಿಂಚ್ ಶೈಲಿಯೇ ಅದು: ತೂಕ ಕಮ್ಮಿ, ವೇಗ ಜಾಸ್ತಿ, ಎದುರಾಳಿ ನೆಲೆ ನಿಲ್ಲೋ ಮುಂಚೆ ಸಂದಿಗೆ ನುಗ್ಗು. ಸರಿಯಾಗಿ ಕೂತರೆ ಹಿಂದೆ ಹೋಗಿ ಬೀಳಿಸ್ತಾರೆ. ಆದರೆ ಸಾಲು ಎಡಕ್ಕೆ ಜಾರಿದಾಗ ಬಲಕ್ಕೆ ಬಾಗಿಲು ತೆರೆಯುತ್ತಲ್ಲ, ಅದನ್ನ ಮುಚ್ಚಬೇಕಾದವನು ಸಾಲಿನ ಹಿಂದೆ ನಿಲ್ಲೋ ಲೈನ್‌ಬ್ಯಾಕರ್. ಇವತ್ತು ಅವನು ಕೂಡ ಸಾಲಿನ ಜೊತೆಗೇ ಎಡಕ್ಕೆ ಹೋಗ್ತಿದ್ದ. ಜಾನ್ಸನ್ ಆ ಬಾಗಿಲಿನಿಂದ ಬಂದಾಗ ಎದುರಿಗೆ ಒಬ್ಬ ಸೇಫ್ಟಿ (ಎಲ್ಲರಿಗಿಂತ ಹಿಂದೆ ನಿಂತು ಕಾಯೋನು), ಅವನ ಹಿಂದೆ ಬರೀ ಹುಲ್ಲು. ಆ ಸೇಫ್ಟಿ ಭುಜ ಕೊಟ್ಟ, ಕೈ ಹಾಕಲಿಲ್ಲ. ಮುಂದಿನದು ನಿಮಗೇ ಗೊತ್ತು.

ಗೇಮ್ ಮುಗಿದ ಮೇಲೆ ನಮ್ಮ ಕ್ವಾರ್ಟರ್‌ಬ್ಯಾಕ್ ಕೇಲಬ್ ವಿಲಿಯಮ್ಸ್ ಸ್ಟ್ಯಾಂಡ್ಸ್ ಹತ್ತಿ ಅಮ್ಮನ ತೋಳಲ್ಲಿ ಮುಖ ಮುಚ್ಕೊಂಡು ಅತ್ತ. ದೇಶದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡೋ ಹೈಸ್‌ಮನ್ ಗೆದ್ದ ಹುಡುಗ. ಅದನ್ನ ನೋಡಿ ಆಡ್ಕೊಳ್ಳೋರು ಈ ಥ್ರೆಡ್‌ಗೆ ಬರಬೇಡಿ.

ಈಗ ಪ್ರಶ್ನೆ. ಇದು ಗ್ರಿಂಚ್ ತಪ್ಪಾ, ಹೆಡ್ ಕೋಚ್ ಲಿಂಕನ್ ರೈಲಿ ತಪ್ಪಾ, ಹುಡುಗರ ತಪ್ಪಾ? ನನ್ನ ಅಭಿಪ್ರಾಯ ಮೊದಲೇ ಹೇಳ್ತೀನಿ. ಕಳೆದ ವರ್ಷ ನಾವು ಕೈಗಡ ತಂದು ಹಬ್ಬ ಮಾಡಿದ್ವಿ. ಎದುರಾಳಿ ಕೈಯಿಂದ ಚೆಂಡು ಕಿತ್ಕೊಳ್ಳೋದರಲ್ಲಿ ದೇಶದಲ್ಲೇ ಮುಂದಿದ್ವಿ, 11 ಪಂದ್ಯ ಗೆದ್ವಿ. ಗೆಲುವಿನ ಗದ್ದಲದಲ್ಲಿ ಹಿಡಿತ ಸಡಿಲ ಇದೆ ಅನ್ನೋದು ಯಾರ ಕಣ್ಣಿಗೂ ಬೀಳಲಿಲ್ಲ. ಅಥವಾ ಬಿದ್ದರೂ ಸುಮ್ಮನಿದ್ದರು. ಈ ವರ್ಷ ಚೆಂಡು ಕೈಗೆ ಬೀಳ್ತಿಲ್ಲ. ಬಡ್ಡಿ ಸಮೇತ ವಸೂಲಿ ನಡೀತಿದೆ.

---

ಸಿಯಾಟಲ್_ಹಾಸನ | 4 ನವೆಂಬರ್ 2023

ಹಸ್ಕಿ, ಅಂದ್ರೆ ವಾಷಿಂಗ್ಟನ್ ಕಡೆಯಿಂದ ನಮಸ್ಕಾರ. ಆಡ್ಕೊಳ್ಳೋಕೆ ಬಂದಿಲ್ಲ, ಆಣೆ. 😄

ನಮಗೂ ಆಶ್ಚರ್ಯವೇ. ಜಾನ್ಸನ್ ಮಿಸಿಸಿಪ್ಪಿ ಸ್ಟೇಟ್‌ನಿಂದ ಬಂದವನು, ಅಲ್ಲಿ ಮೈಕ್ ಲೀಚ್ ಕೈಕೆಳಗೆ ಆಡಿದ್ದ. ಲೀಚ್ ತಂಡದಲ್ಲಿ ಓಡೋರಿಗೆ ಚೆಂಡು ಸಿಗೋದು ಮಳೆಗಾಲದಲ್ಲಿ ಬಿಸಿಲು ಸಿಕ್ಕ ಹಾಗೆ. ತಮಾಷೆ ಅಂದ್ರೆ ನಿಮ್ಮ ಗ್ರಿಂಚ್ ಹೆಸರು ಮಾಡಿದ್ದೂ ಅದೇ ಲೀಚ್ ಹತ್ತಿರ, ವಾಷಿಂಗ್ಟನ್ ಸ್ಟೇಟ್‌ನಲ್ಲಿ, 2015ರಿಂದ 17ರವರೆಗೆ. ಆಗ ಅವರ ಡಿಫೆನ್ಸ್ ಸುಧಾರಿಸಿತ್ತು. ಆ ಮನುಷ್ಯನಿಗೆ ಕೆಲಸ ಗೊತ್ತಿಲ್ಲ ಅಂತ ನಾನು ಹೇಳಲ್ಲ.

ಆದರೆ ಇವತ್ತು ನಮ್ಮ ಕೈಗೆ ಮೂರನೇ ಸಲ ಚೆಂಡು ಬರೋ ಹೊತ್ತಿಗೇ ನಮ್ಮ ಕೋಚ್‌ಗಳು ಗುಟ್ಟು ಹಿಡಿದುಬಿಟ್ಟಿದ್ದರು. ನಿಮ್ಮವರು ಯಾವ ಕಡೆ ಜಾರ್ತಾರೋ ಅದೇ ಕಡೆಗೆ ಇನ್ನಷ್ಟು ತಳ್ಳು, ಓಡುವವನನ್ನ ಹಿಂದಿನಿಂದ ತಿರುಗಿಸು. ಅಷ್ಟೇ. ಅದನ್ನೇ ರಾತ್ರಿಯೆಲ್ಲ ಮಾಡಿದ್ವಿ, ನೀವು ಬದಲಾಗಲೇ ಇಲ್ಲ.

---

ಗಾಂಧಿಬಜಾರ್_ಗುರು | 5 ನವೆಂಬರ್ 2023

ಬೆಂಗಳೂರಿಂದ. ನನ್ನ ಅಕ್ಕನ ಮಗ ಯುಎಸ್‌ಸಿಯಲ್ಲಿ ಎಂಎಸ್ ಮಾಡ್ತಿದ್ದಾನೆ, ಅವನ ಕಾಟಕ್ಕೆ ಈ ಆಟ ನೋಡೋಕೆ ಶುರು ಮಾಡಿದೆ. ಅರ್ಧ ಅರ್ಥ ಆಗಲ್ಲ.

ಆದ್ರೆ ಗುರು, ಹೊಡೆದು ಸೋಲೋ ನೋವು ನಮಗೆ ಹೇಳಬೇಡಿ. ನಿನ್ನೆ ನಾನು ಚಿನ್ನಸ್ವಾಮಿಯಲ್ಲಿದ್ದೆ. ನ್ಯೂಜಿಲೆಂಡ್ 401 ಹೊಡೀತು, ನಮ್ಮೂರಿನ ಬೇರಿರೋ ರಚಿನ್ ರವೀಂದ್ರ 108. ಆಮೇಲೆ ಫಖರ್ ಜಮಾನ್ ಬಂದು ಚಚ್ಚಿದ ನೋಡಿ, ಮಳೆ ಬಂತು, ಡಕ್ವರ್ತ್ ಲೂಯಿಸ್ ಲೆಕ್ಕದಲ್ಲಿ ಪಾಕಿಸ್ತಾನ 21 ರನ್ನಿಂದ ಗೆದ್ದಿತು. 401! ಅದರ ಮುಂದೆ ನಿಮ್ಮ 42 ಎಷ್ಟರದು?

ಒಂದು ಅನುಮಾನ. ಟ್ಯಾಕಲ್ ಅಂದ್ರೆ ಬೀಳಿಸೋದು ತಾನೆ? ಇಷ್ಟು ಕಟ್ಟುಮಸ್ತಾದ ಹುಡುಗರು, ದಿನಾ ಅದನ್ನೇ ಅಭ್ಯಾಸ ಮಾಡೋರು, ಯಾಕೆ ಬೀಳಿಸೋಕಾಗಲ್ಲ?

---

ಧಾರವಾಡ_ಪೇಡೆ | 5 ನವೆಂಬರ್ 2023

ಗುರು ಅವರ, ಇದಕ್ಕ ನಾ ಉತ್ತರಾ ಕೊಡ್ತೀನಿ. ಕಾಲೇಜಿನ್ಯಾಗ ಮೂರು ವರ್ಷ ಕಬಡ್ಡಿ ಆಡೀನಿ, ಲೆಫ್ಟ್ ಕಾರ್ನರ್. ಈಗ ಹ್ಯೂಸ್ಟನ್‌ನ್ಯಾಗ ಕುಂತು ಬರೇ ನೋಡೂದು.

ಹಿಡಿಯೂದು ಅಂದ್ರ ಮಂದಿ ಕೈಯಿಂದ ಅನ್ಕೋತಾರ. ಅದು ಕಾಲಿಂದ ರೀ. ರೈಡರ್ ಮುಂದ ಬಂದಾಗ ನಿಮ್ಮ ಕಾಲು ನೆಲದ ಮ್ಯಾಲೆ ಸಣ್ಣ ಸಣ್ಣ ಹೆಜ್ಜಿ ಹಾಕ್ತಿರಬೇಕು. ಜಿಗದ್ರೋ, ಹ್ವಾದ್ರಿ. ಗಾಳ್ಯಾಗ ಇದ್ದವಗ ದಿಕ್ಕು ಬದಲ್ ಮಾಡಾಕ ಆಗೂದಿಲ್ಲ. ಮತ್ತ ಕಣ್ಣು ಅವನ ಸ್ವಂಟದ ಮ್ಯಾಲೆ ಇರಬೇಕು. ಮುಖಾ ಸುಳ್ಳ ಹೇಳ್ತದ, ಭುಜಾ ಸುಳ್ಳ ಹೇಳ್ತದ, ಸ್ವಂಟ ಎಂದೂ ಸುಳ್ಳ ಹೇಳೂದಿಲ್ಲ.

ಎರಡನೇದು ಸರಪಳಿ. ನಾ ಆಂಕಲ್ ಹಿಡದ್ನಿ ಅಂದ್ರ ನನ್ನ ಕೆಲಸ ಅವನ್ನ ಬೀಳಸೂದಲ್ಲ, ಒಂದು ಸೆಕೆಂಡ್ ನಿಲ್ಲಸೂದು. ಕವರ್‌ನವ ಬಂದು ಮುಗಸ್ತಾನ. ನಿಮ್ಮ ಯುಎಸ್‌ಸಿ ಹುಡುಗರನ್ನ ನೋಡ್ರಿ. ಮೊದಲನೇವ ದೊಡ್ಡ ಹೊಡತಾ ಹೊಡಿಯಾಕ ಹೋಗ್ತಾನ, ಅಥವಾ ಚೆಂಡು ಕಸಗೊಳ್ಳಾಕ ಹೋಗ್ತಾನ. ತಪ್ಪಿತು. ಎರಡನೇವ ಎಲ್ಲಿದಾನ? ಹತ್ತು ಯಾರ್ಡ್ ದೂರ ನಿಂತು ನೋಡಾಕತ್ತಾನ. ಮೊದಲನೇವಗ ನಂಬಿಕಿ ಇಲ್ಲ ಹಿಂದ ಯಾರರೆ ಬರ್ತಾರಂತ, ಅದಕ್ಕ ಒಬ್ಬನ ಎಲ್ಲಾ ಮಾಡಾಕ ಹೋಗ್ತಾನ. ಹಿಂಗ ಸುರು ಆತಂದ್ರ ಹನ್ನೊಂದು ಮಂದಿನೂ ಬಿಡಿಬಿಡಿ.

ಚೆಂಡು ಕಸಗೋರಿ ಅಂತ ದಿನಾ ತಲಿಗೆ ತುಂಬಿದ್ರ ಹುಡುಗರ ಕೈ ಚೆಂಡಿನ ಕಡೆನ ಹೋಗ್ತದ, ಕಾಲಿನ ಕಡೆ ಹೋಗೂದಿಲ್ಲ. ಮಂಡ್ಯದವರು ಹೇಳಿದ ಕೈಗಡದ ಮಾತು ನೂರಕ್ಕ ನೂರು ಖರೆ.

---

ಲೆಕ್ಕದ_ಮೇಷ್ಟ್ರು | 5 ನವೆಂಬರ್ 2023

ಭಾವನೆ ಸಾಕು, ಕೂಡಿ ಕಳೆಯೋಣ. ಈ ಸೀಸನ್‌ನ ಹತ್ತು ಪಂದ್ಯಗಳಲ್ಲಿ ಯುಎಸ್‌ಸಿ ಕೊಟ್ಟ ಅಂಕ ಹೀಗಿದೆ: ಸ್ಯಾನ್ ಹೋಸೆ ಸ್ಟೇಟ್ 28, ನೆವಾಡ 14, ಸ್ಟ್ಯಾನ್‌ಫರ್ಡ್ 10, ಅರಿಝೋನ ಸ್ಟೇಟ್ 28, ಕೊಲೊರಾಡೊ 41, ಅರಿಝೋನ 41, ನೋತ್ರ ಡೇಮ್ 48, ಯೂಟಾ 34, ಕ್ಯಾಲ್ 49, ವಾಷಿಂಗ್ಟನ್ 52. ಒಟ್ಟು 345.

ಕೊನೆಯ ಆರನ್ನ ಬೇರೆ ಮಾಡಿದರೆ 265. ಪಂದ್ಯಕ್ಕೆ 44. ಅದೇ ಆರರಲ್ಲಿ ನಾವು ಹೊಡೆದದ್ದು 235. ಮೂರು ಗೆಲುವು, ಮೂರು ಸೋಲು. ನನಗೆ ಕೇಳಿದರೆ ಆ ಮೂರು ಗೆಲುವೇ ಪವಾಡ.

ಈಗ ಡಿಫೆನ್ಸ್ ಪರವಾಗಿಯೂ ಒಂದು ಮಾತು. ಅರಿಝೋನ ಪಂದ್ಯ ನಾಲ್ಕು ಕ್ವಾರ್ಟರ್‌ಗೆ 28-28 ಇತ್ತು, ಮಿಕ್ಕ 13 ಮೂರು ಓವರ್‌ಟೈಮ್‌ನಲ್ಲಿ ಬಂದದ್ದು. ಸೌತ್ ಬೆಂಡ್‌ನಲ್ಲಿ ನೋತ್ರ ಡೇಮ್‌ನ 48ರಲ್ಲಿ ಒಂದು ಟಚ್‌ಡೌನ್ ಕಿಕ್‌ಆಫ್ ವಾಪಸ್ ಓಡಿದ್ದು, ಇನ್ನೊಂದು ಫಂಬಲ್ (ನಮ್ಮವರ ಕೈಜಾರಿದ ಚೆಂಡು) ಎತ್ಕೊಂಡು ಓಡಿದ್ದು. ಅವತ್ತು ಅವರ ಆಫೆನ್ಸ್ ದಾಟಿದ್ದು ಬರೀ 250 ಯಾರ್ಡ್ ಆಸುಪಾಸು. ಕೇಲಬ್ ಮೂರು ಇಂಟರ್‌ಸೆಪ್ಷನ್ (ಎದುರಾಳಿ ಹಿಡಿದುಬಿಟ್ಟ ಪಾಸ್) ಎಸೆದ. ಆ ಸೋಲನ್ನ ಡಿಫೆನ್ಸ್ ತಲೆಗೆ ಕಟ್ಟೋದು ಅನ್ಯಾಯ, ಆದರೆ ಎಲ್ಲರೂ ಕಟ್ಟಿಬಿಟ್ಟಿದ್ದಾರೆ.

ಇಷ್ಟೆಲ್ಲ ಕಳೆದರೂ ಆರು ಪಂದ್ಯಕ್ಕೆ 238 ಉಳಿಯುತ್ತೆ. ಸುಮಾರು 40. ರಿಯಾಯಿತಿ ಕೊಟ್ಟ ಮೇಲೂ ಫೇಲ್.

---

ಬರ್ಕ್ಲಿ_ಭಟ್ರು | 5 ನವೆಂಬರ್ 2023

ಎಂತ ಮಾರಾಯ್ರೆ, ನೀವು 49 ಕೊಟ್ಟದ್ದು ನಮ್ಮ ಕ್ಯಾಲ್‌ಗೆ ಅಂತ ಮರಿಬೇಡಿ! ಕ್ಯಾಲ್ 49 ಹೊಡೆಯುವುದು ದಿನಾ ಉಂಟಾ? ನಾನು ಬರ್ಕ್ಲಿಯಲ್ಲಿ ಆ ದಿನ ಹೆಂಡತಿಗೆ ಹೇಳಿದ್ದೆ, ನಾಲ್ಕು ಗಂಟೆಗೆಲ್ಲ ಮುಗೀತದೆ, ಮತ್ತೆ ತರಕಾರಿಗೆ ಹೋಗುವ ಅಂತ. ಕೊನೆ ಕ್ವಾರ್ಟರ್‌ನಲ್ಲಿ 14 ಅಂಕ ಮುಂದಿದ್ದೆವು. ನಮ್ಮ ಜೇಡನ್ ಆಟ್ ನಿಮ್ಮವರ ನಡುವೆ ತೋಟದಲ್ಲಿ ಅಡಿಕೆ ಹೆಕ್ಕಿದ ಹಾಗೆ ಓಡಿದ. ಕಡೆಗೆ ಒಂದು ನಿಮಿಷವೂ ಬಾಕಿ ಇಲ್ಲದಾಗ ಟಚ್‌ಡೌನ್ ಹೊಡೆದು, ಚೆಂಡು ಒದ್ದು ಒಂದು ಪಾಯಿಂಟ್ ತೆಗೊಳ್ಳದೆ, ಗೆಲ್ಲಲಿಕ್ಕೆ ಅಂತ ಮತ್ತೆ ಗೆರೆ ದಾಟಿಸುವ ಎರಡು ಪಾಯಿಂಟ್‌ಗೆ ಹೋದೆವು, ಆಗಲಿಲ್ಲ. 50-49. ತರಕಾರಿಯೂ ಇಲ್ಲ, ಗೆಲುವೂ ಇಲ್ಲ.

ನಾನು ಹೇಳುವುದು ಇಷ್ಟೇ. ಎದುರಿನ ಕೋಚ್ ಸಮ ಮಾಡದೆ ಎರಡಕ್ಕೆ ಹೋಗ್ತಾನೆ ಅಂದ್ರೆ ನಿಮ್ಮ ಡಿಫೆನ್ಸ್ ಬಗ್ಗೆ ಊರಿಗೆಲ್ಲ ಎಂತ ಅಭಿಪ್ರಾಯ ಉಂಟು ಅಂತ ಗೊತ್ತಾಗ್ತದೆ. ಕಳೆದ ವರ್ಷ ಯೂಟಾ ಸಹ ಹಾಗೇ ಮಾಡಿದ್ದಲ್ಲವಾ?

---

ಉಪ್ಪುಕೆರೆ_ಊರವಳು | 5 ನವೆಂಬರ್ 2023

ಯಾರೋ ಯೂಟಾ ಅಂದ್ರಾ? 😇 ಸಾಲ್ಟ್ ಲೇಕ್ ಸಿಟಿಯಿಂದ ಹಾಜರ್.

ಹೌದು, ಅಕ್ಟೋಬರ್ 2022. 48 ಸೆಕೆಂಡ್ ಬಾಕಿ, ನಾವು ಟಚ್‌ಡೌನ್ ಹೊಡೆದೆವು, ನಮ್ಮ ಕೋಚ್ ಕೈಲ್ ವಿಟಿಂಗ್‌ಹ್ಯಾಮ್ ಎರಡು ಬೆರಳು ಎತ್ತಿದರು. ಕ್ವಾರ್ಟರ್‌ಬ್ಯಾಕ್ ಕ್ಯಾಮ್ ರೈಸಿಂಗ್ ತಾನೇ ಓಡಿ ನುಗ್ಗಿದ. 43-42. ನಾನು ಮೂರು ತಿಂಗಳ ಮಗು ಎತ್ಕೊಂಡು ಕಿರುಚಿದ್ದಕ್ಕೆ ಮಗು ಅರ್ಧ ಗಂಟೆ ಅತ್ತಿತ್ತು. ಅವತ್ತು ಡಾಲ್ಟನ್ ಕಿಂಕೇಡ್ ಒಬ್ಬನೇ 16 ಕ್ಯಾಚ್, 234 ಯಾರ್ಡ್. ಅವನೊಬ್ಬ ಟೈಟ್ ಎಂಡ್ (ಎದುರಾಳಿನ ತಡೆಯೋದೂ ಪಾಸ್ ಹಿಡಿಯೋದೂ ಮಾಡೋನು), ಮೈದಾನದ ನಡುವೆ ನಿಂತು ಕೈಚಾಚಿದರೆ ಸಾಕಿತ್ತು. ಹದಿನಾರು ಸಲ ಒಬ್ಬನೇ ಮನುಷ್ಯ ಅದೇ ಜಾಗದಲ್ಲಿ ಚೆಂಡು ಹಿಡಿದರೂ ಯಾರೂ ಹತ್ತಿರ ಹೋಗಿ ಮಾತಾಡಿಸಲಿಲ್ಲ.

ಡಿಸೆಂಬರ್‌ನಲ್ಲಿ ಲಾಸ್ ವೇಗಸ್‌ನಲ್ಲಿ ಮತ್ತೆ 47-24. ನಿಮಗೆ ಪ್ಲೇಆಫ್ ತಪ್ಪಿದ್ದು ಅಲ್ಲೇ. ಕೇಲಬ್‌ಗೆ ಹ್ಯಾಮ್‌ಸ್ಟ್ರಿಂಗ್ ಪೆಟ್ಟಾಗಿತ್ತು, ಒಪ್ತೀನಿ. ಈ ವರ್ಷವಂತೂ ನಮ್ಮ ರೈಸಿಂಗ್ ಆಡಲೇ ಇಲ್ಲ. ಬಂದವನು ಬ್ರೈಸನ್ ಬಾರ್ನ್ಸ್, ಹಂದಿ ಸಾಕೋ ಮನೆಯ ಹುಡುಗ, ಕೊನೆಯಲ್ಲಿ 26 ಯಾರ್ಡ್ ತಾನೇ ಓಡಿ ಗೆಲುವಿನ ಫೀಲ್ಡ್ ಗೋಲ್‌ಗೆ (ಚೆಂಡು ಒದ್ದು ಮೂರು ಅಂಕ) ದಾರಿ ಮಾಡಿಕೊಟ್ಟ. ಇನ್ನು ಸಿಯೋನೆ ವಾಕಿ ನಮ್ಮ ಸೇಫ್ಟಿ. ಡಿಫೆನ್ಸ್ ಆಟಗಾರ! ಅವನನ್ನ ಆಫೆನ್ಸ್‌ಗೆ ಕಳಿಸಿದ್ರು, 149 ಯಾರ್ಡ್ ಕ್ಯಾಚ್ ಹಿಡಿದು ಎರಡು ಟಚ್‌ಡೌನ್ ಹೊಡೆದ. ನಿಮ್ಮ ಡಿಫೆನ್ಸ್ ನಮ್ಮ ಡಿಫೆನ್ಸನ್ನೂ ತಡೆಯೋಕಾಗಲಿಲ್ಲ ಅಂದ್ರೆ ಬೇಜಾರ್ ಮಾಡ್ಕೋಬೇಡಿ.

---

ಮಂಡ್ಯ_ಟ್ರೋಜನ್ | 5 ನವೆಂಬರ್ 2023

ಬೇಜಾರಿಲ್ಲ ತಾಯಿ. ಉಪ್ಪು ಹಚ್ಚೋದು ನಿಮ್ಮೂರಿನ ಹೆಸರಲ್ಲೇ ಇದೆ.

ಟುಲೇನ್ ಬಗ್ಗೆ ಯಾರೂ ಎತ್ತಲಿಲ್ಲ, ಪುಣ್ಯ. ನಾನೇ ಎತ್ತುತೀನಿ, ಹುಣ್ಣು ಒಡೆದೇ ಹೋಗಲಿ. 2 ಜನವರಿ 2023, ಕಾಟನ್ ಬೌಲ್ (ಸೀಸನ್ ಕೊನೆಗೆ ಆಯ್ದ ತಂಡಗಳು ಆಡೋ ಪಂದ್ಯಗಳಿಗೆ ಬೌಲ್ ಅಂತಾರೆ). ನಾಲ್ಕೂವರೆ ನಿಮಿಷ ಉಳಿದಿದೆ, ನಾವು 45-30 ಮುಂದೆ. ಅಲ್ಲಿಂದ ಟುಲೇನ್ ಟಚ್‌ಡೌನ್, ಕಿಕ್‌ಆಫ್ ಹಿಡಿಯೋಕೆ ಬರದೆ ನಮ್ಮ ಗೋಲ್ ಗೆರೆ ಪಕ್ಕದಲ್ಲೇ ಸಿಕ್ಕಿಹಾಕ್ಕೊಂಡ್ವಿ, ನಮ್ಮ ಎಂಡ್‌ಝೋನ್‌ನಲ್ಲೇ ಬಿದ್ದು ಎರಡು ಅಂಕ ಕೊಟ್ವಿ (ಇದಕ್ಕೂ ಸೇಫ್ಟಿ ಅಂತಲೇ ಹೆಸರು), ಮತ್ತೆ ಅವರ ಕೈಗೇ ಚೆಂಡು. 9 ಸೆಕೆಂಡ್ ಬಾಕಿ ಇರುವಾಗ ಟಚ್‌ಡೌನ್. 46-45. ಟೈಜೇ ಸ್ಪಿಯರ್ಸ್ 17 ಓಟದಲ್ಲಿ 205 ಯಾರ್ಡ್.

17 ಓಟದಲ್ಲಿ 205. ನಿನ್ನೆ 26ರಲ್ಲಿ 256. ಹತ್ತು ತಿಂಗಳ ಅಂತರ, ಅದೇ ಬಾಗಿಲು, ಅದೇ ಲೈನ್‌ಬ್ಯಾಕರ್ ತಪ್ಪು ಕಡೆ. ನಡುವೆ ಕಾಲೇಜು ಬದಲಾಯಿಸೋರ ಟ್ರಾನ್ಸ್‌ಫರ್ ಪೋರ್ಟಲ್‌ನಿಂದ ಜಾರ್ಜಿಯಾದ ಬೇರ್ ಅಲೆಕ್ಸಾಂಡರ್ ಬಂದ, ಓಕ್ಲಹೋಮ ಸ್ಟೇಟ್‌ನ ಮೇಸನ್ ಕಾಬ್ ಬಂದ. ಸಾಮಾನು ಹೊಸದು, ಅಡುಗೆ ಹಳೇದು. ಜನವರಿಯಲ್ಲೇ ಗ್ರಿಂಚ್‌ನ ಬದಲಾಯಿಸಬೇಕಿತ್ತು ಅಂತ ಊರೆಲ್ಲ ಕೂಗಿತು. ರೈಲಿ ಉಳಿಸ್ಕೊಂಡರು.

---

ನಾರ್ಮನ್_ನಂಜುಂಡ | 5 ನವೆಂಬರ್ 2023

ಓಕ್ಲಹೋಮದಲ್ಲಿ ಓದಿದವನು ನಾನು. ಈ ಸಿನಿಮಾ ನಾನು ಮೊದಲೇ ನೋಡಿದ್ದೀನಿ, ಹೀರೋ ಮಾತ್ರ ಬೇರೆ.

ನಮ್ಮ ಕ್ವಾರ್ಟರ್‌ಬ್ಯಾಕ್ ಬೇಕರ್ ಮೇಫೀಲ್ಡ್ ಹೈಸ್‌ಮನ್ ಗೆದ್ದ ವರ್ಷ ರೋಸ್ ಬೌಲ್‌ನಲ್ಲಿ ಜಾರ್ಜಿಯಾ ನಮಗೆ 54 ಹೊಡೀತು. ಕೈಲರ್ ಮರ್ರೆ ಗೆದ್ದ ವರ್ಷ ಆರೆಂಜ್ ಬೌಲ್‌ನಲ್ಲಿ ಅಲಬಾಮ 45. ಜೇಲನ್ ಹರ್ಟ್ಸ್ ವರ್ಷ ಪೀಚ್ ಬೌಲ್‌ನಲ್ಲಿ ಎಲ್‌ಎಸ್‌ಯು 63, ಅವರ ಜೋ ಬರೋ ಮೊದಲರ್ಧದಲ್ಲೇ ಏಳು ಟಚ್‌ಡೌನ್ ಪಾಸ್. ಮೂರು ವರ್ಷ ಸತತ ಪ್ಲೇಆಫ್, ಮೂರು ಸಲವೂ ಬಾಗಿಲಲ್ಲೇ ಕಾಲು ಜಾರಿತು. ಮೂರಕ್ಕೂ ಹೆಡ್ ಕೋಚ್ ಒಬ್ಬರೇ, ಇದೇ ರೈಲಿ.

2018ರ ಅಕ್ಟೋಬರ್‌ನಲ್ಲಿ ಟೆಕ್ಸಾಸ್ 48 ಹೊಡೆದ ಮೇಲೆ ರೈಲಿ ಡಿಫೆನ್ಸ್ ಕೋಚ್ ಮೈಕ್ ಸ್ಟೂಪ್ಸ್‌ನ ಸೀಸನ್ ನಡುವೆಯೇ ತೆಗೆದರು. ಅವರ ಜಾಗಕ್ಕೆ ಮುಂದಿನ ವರ್ಷ ಬಂದವರೇ ಗ್ರಿಂಚ್. ಬಂದು ಸುಧಾರಿಸಿದ್ರು ಕೂಡ, ಸುಳ್ಳು ಹೇಳಬಾರದು. 2020ರಲ್ಲಿ ನಮ್ಮ ಡಿಫೆನ್ಸ್ ನೋಡೋಕೆ ಚೆನ್ನಾಗೇ ಇತ್ತು, ಕಾಟನ್ ಬೌಲ್‌ನಲ್ಲಿ ಫ್ಲಾರಿಡಾಗೆ 20 ಅಷ್ಟೇ ಕೊಟ್ಟು ನಾವು 55 ಹೊಡೆದ್ವಿ.

ಹಾಗಾಗಿ ಗ್ರಿಂಚ್ ಒಬ್ಬರನ್ನೇ ಬಲಿ ಕೊಟ್ಟರೆ ದೇವರು ತೃಪ್ತಿಯಾಗಲ್ಲ. ರೈಲಿಯ ಪ್ರಾಕ್ಟೀಸ್, ರೈಲಿಯ ಸಮಯ, ರೈಲಿಯ ಗಮನ ಎಲ್ಲ ಆಫೆನ್ಸ್ ಕಡೆ. ದಿನಾ ಅಭ್ಯಾಸದಲ್ಲಿ ಆ ಆಫೆನ್ಸ್ ಎದುರೇ ಆಡೋ ಡಿಫೆನ್ಸ್‌ಗೆ ಗಟ್ಟಿಯಾಗಿ ತಳ್ಳಿ ಓಡೋ ತಂಡ ಎದುರಾದಾಗ ಮೈ ಜುಮ್ಮೆನ್ನುತ್ತೆ. ಬ್ಯಾಟಿಂಗ್ ಪಿಚ್‌ನಲ್ಲೇ ವರ್ಷವಿಡೀ ಆಡಿಸಿ ಬೌಲರ್‌ಗೆ ಯಾಕೆ ವಿಕೆಟ್ ಬರ್ತಿಲ್ಲ ಅಂದ ಹಾಗೆ.

---

ಲೆಕ್ಕದ_ಮೇಷ್ಟ್ರು | 5 ನವೆಂಬರ್ 2023

ಈಗಷ್ಟೇ ಸುದ್ದಿ ಬಂತು. ಗ್ರಿಂಚ್ ಔಟ್. ಉಳಿದ ಪಂದ್ಯಗಳಿಗೆ ಶಾನ್ ನುವಾ ಮತ್ತು ಬ್ರಯನ್ ಓಡಮ್ ಜಂಟಿಯಾಗಿ ನೋಡ್ಕೋತಾರೆ.

---

ಧಾರವಾಡ_ಪೇಡೆ | 5 ನವೆಂಬರ್ 2023

ಓಡಮ್ ಅಂದ್ರ ಲೈನ್‌ಬ್ಯಾಕರ್ ಕೋಚ್ ಅಲ್ಲೇನ್ರಿ? ಬಾಗಲಾ ತೆರದವರ ಕೈಯಾಗ ಕೀಲಿ ಕೊಟ್ರಲ್ಲ.

---

ಗಾಂಧಿಬಜಾರ್_ಗುರು | 5 ನವೆಂಬರ್ 2023

ಇಲ್ಲಿ ಈಡನ್ ಗಾರ್ಡನ್ಸ್‌ನಲ್ಲಿ ಕೊಹ್ಲಿ ಹುಟ್ಟುಹಬ್ಬಕ್ಕೆ 49ನೇ ಒನ್‌ಡೇ ಸೆಂಚುರಿ, ದಕ್ಷಿಣ ಆಫ್ರಿಕಾ 83ಕ್ಕೆ ಆಲೌಟ್. ಡಿಫೆನ್ಸ್ ಅಂದ್ರೆ ಹೀಗಿರ್ಬೇಕು ಅಂತ ಅಕ್ಕನ ಮಗನಿಗೆ ಮೆಸೇಜ್ ಹಾಕಿದೆ. ಬ್ಲಾಕ್ ಮಾಡಿದ.

---

ಮಂಡ್ಯ_ಟ್ರೋಜನ್ | 19 ನವೆಂಬರ್ 2023

ಬೌಲ್ ಪಂದ್ಯ ಬಿಟ್ಟರೆ ಸೀಸನ್ ಮುಗೀತು, ಲೆಕ್ಕ ಮುಚ್ಚೋಣ. ಆರೆಗನ್‌ಗೆ 36 ಕೊಟ್ವಿ, ಅವರ ಬೋ ನಿಕ್ಸ್ 412 ಯಾರ್ಡ್ ಎಸೆದ. ನಿನ್ನೆ ಕೊಲಿಸಿಯಮ್‌ನಲ್ಲಿ ಇದೇ ಊರಿನ ಯುಸಿಎಲ್‌ಎ 38, ನಾವು 20. ಮನೆಯಂಗಳದಲ್ಲಿ ಪಕ್ಕದ ಮನೆಯವರು ಬಂದು ಹೊಡೆದು ಹೋದ ಹಾಗೆ. 7-5. ಆರು ಪಂದ್ಯ ಗೆದ್ದು ಶುರು ಮಾಡಿದ ತಂಡ ಇದು.

ಟೈಲ್‌ಗೇಟ್‌ಗೆ (ಪಂದ್ಯಕ್ಕೆ ಮುಂಚೆ ಸ್ಟೇಡಿಯಂ ಹೊರಗಿನ ಊಟಕ್ಕೆ) ಚಿತ್ರಾನ್ನ ಮಾಡ್ಕೊಂಡು ಹೋಗಿದ್ದೆ, ಪಕ್ಕದ ಟೆಂಟ್‌ನ ಬ್ರೂಯಿನ್ (ಯುಸಿಎಲ್‌ಎ) ಅಭಿಮಾನಿಗಳು ಎರಡು ಸಲ ಹಾಕಿಸ್ಕೊಂಡು ತಿಂದ್ರು. ಆಟದಲ್ಲೂ ಅಷ್ಟೇ, ಬಂದವರಿಗೆಲ್ಲ ಬಡಿಸಿ ಕಳಿಸೋದು ನಮ್ಮ ಸಂಪ್ರದಾಯ ಆಗಿಹೋಗಿದೆ.

ಹಳಬರಿಗೆ ನೆನಪಿರುತ್ತೆ. ಕೋಚ್ ಪೀಟ್ ಕ್ಯಾರೋಲ್ ಕಾಲದಲ್ಲಿ, 2008ರಲ್ಲಿ, ಇದೇ ಯುಎಸ್‌ಸಿ ಪಂದ್ಯಕ್ಕೆ ಒಂಬತ್ತೇ ಅಂಕ ಕೊಟ್ಟಿತ್ತು. ರೇ ಮಾಲುಗಾ, ಬ್ರಯನ್ ಕುಶಿಂಗ್, ಕ್ಲೇ ಮ್ಯಾಥ್ಯೂಸ್ ಒಂದೇ ಸಾಲಲ್ಲಿ ನಿಂತಿದ್ರು. ಆಗ ನಾನು ಪಿಯುಸಿ ಓದ್ತಾ ಮಂಡ್ಯದಲ್ಲಿದ್ದೆ, ಈ ಆಟದ ಹೆಸರೂ ಕೇಳಿರಲಿಲ್ಲ. ಬರಬೇಕಾದ ಕಾಲಕ್ಕೆ ಬರಲಿಲ್ಲ ನೋಡಿ.

---

ಬರ್ಕ್ಲಿ_ಭಟ್ರು | 1 ಡಿಸೆಂಬರ್ 2023

ಸುದ್ದಿ ನೋಡಿದ್ರಾ? ಆ ಪಕ್ಕದ ಮನೆಯವರ ಅಡುಗೆಭಟ್ಟನನ್ನೇ ಕರ್ಕೊಂಡು ಬಂದಿದ್ದಾರೆ ನಿಮ್ಮವರು! ಡಿ'ಆಂಟನ್ ಲಿನ್, ಯುಸಿಎಲ್‌ಎಯ ಡಿಫೆನ್ಸ್ ಕೋಚ್. ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಬಾಲ್ಟಿಮೋರ್ ರೇವನ್ಸ್‌ನಲ್ಲಿ ಸೇಫ್ಟಿಗಳನ್ನ ನೋಡ್ಕೊಳ್ತಿದ್ದವರು, ಅಪ್ಪ ಆಂಟನಿ ಲಿನ್ ಚಾರ್ಜರ್ಸ್‌ಗೆ ಹೆಡ್ ಕೋಚ್ ಆಗಿದ್ದವರು. ಯುಸಿಎಲ್‌ಎಯಲ್ಲಿ ಒಂದೇ ವರ್ಷ ಇದ್ದದ್ದು, ಆ ಒಂದು ವರ್ಷದಲ್ಲಿ ಓಟ ತಡೆಯುವುದರಲ್ಲಿ ದೇಶದ ಮೊದಲ ಸಾಲಿಗೆ ತಂದಿದ್ದಾರೆ. ಇದು ಒಳ್ಳೆ ಕೆಲಸ ಅಂತ ನನಗೆ ಕಾಣ್ತದೆ. ಹೊಟ್ಟೆಕಿಚ್ಚೂ ಆಗ್ತದೆ.

---

ಸಿಯಾಟಲ್_ಹಾಸನ | 1 ಡಿಸೆಂಬರ್ 2023

ಒಂದು ಎಚ್ಚರಿಕೆ. ಯುಸಿಎಲ್‌ಎಯಲ್ಲಿ ಲಿನ್ ಹತ್ತಿರ ಲಯಾಟು ಲಾಟು ಇದ್ದ. ಅಂಥ ಎಡ್ಜ್ ರಷರ್ (ಅಂಚಿನಿಂದ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗೋನು) ಒಬ್ಬ ಇದ್ದರೆ ನಾನೂ ಅರ್ಧ ಕೋಚ್. ನಿಮ್ಮಲ್ಲಿ ಕಳೆದ ವರ್ಷ ಟುಲಿ ಟುಯಿಪುಲೋಟು ಇದ್ದ, ಅವನು ಎನ್‌ಎಫ್‌ಎಲ್‌ಗೆ ಹೋದ ಮೇಲೆ ಆ ಜಾಗ ಖಾಲಿಯೇ ಇದೆ. ಗ್ರಿಂಚ್‌ನ ಮೊದಲ ವರ್ಷ ಪಾಸಾಗಿದ್ದು ಅರ್ಧ ಆ ಹುಡುಗನ ಕೈಯಿಂದ. ಅದನ್ನ ಯಾರೂ ಹೇಳಲ್ಲ.

---

ಲೆಕ್ಕದ_ಮೇಷ್ಟ್ರು | 28 ಡಿಸೆಂಬರ್ 2023

ಹಾಲಿಡೇ ಬೌಲ್‌ನಲ್ಲಿ ಲೂಯಿವಿಲ್ ಮೇಲೆ 42-28. ಕೇಲಬ್ ಆಡಲಿಲ್ಲ, ಮಿಲ್ಲರ್ ಮಾಸ್ ಮೊದಲ ಸ್ಟಾರ್ಟ್‌ನಲ್ಲೇ 6 ಟಚ್‌ಡೌನ್ ಎಸೆದ. ಸೀಸನ್ ಒಟ್ಟು: 13 ಪಂದ್ಯ, 447 ಕೊಟ್ಟಿದ್ದೇವೆ. ಸರಾಸರಿ 34.4. 2022ರಲ್ಲಿ 14 ಪಂದ್ಯಕ್ಕೆ 409, ಅಂದರೆ 29.2. ಆಗಲೂ ಚೆನ್ನಾಗಿರಲಿಲ್ಲ ಅನ್ನೋದಕ್ಕೆ ಇದೇ ಸಾಕ್ಷಿ.

---

ಧಾರವಾಡ_ಪೇಡೆ | 2 ಸೆಪ್ಟೆಂಬರ್ 2024

ಹಳೇ ಥ್ರೆಡ್ ಎಬ್ಬಸಾಕತ್ತೀನಿ, ಕ್ಷಮಾ ಇರಲಿ. ನಿನ್ನಿ ಲಾಸ್ ವೇಗಸ್‌ನ್ಯಾಗ ಎಲ್‌ಎಸ್‌ಯು ಮ್ಯಾಲೆ 27-20 ನೋಡಿದ್ರೇನು?

ಹಿಡದ್ರು ರೀ! ಕೈಯಿಂದ ಅಲ್ಲ, ಕಾಲಿಂದ ಹಿಡದ್ರು. ನಾ ಬರೇ ಮೊದಲನೇವನ್ನ ನೋಡ್ಲಿಲ್ಲ, ಎರಡನೇವನ್ನ ನೋಡಾಕತ್ತಿದ್ದೆ. ಪ್ರತಿ ಸಲ ಎರಡನೇವ ಬಂದಿದ್ದ, ಮೂರನೇವ ದಾರ್ಯಾಗ ಇದ್ದ. ಅದೇ ಮೇಸನ್ ಕಾಬ್, ಅದೇ ಎರಿಕ್ ಜೆಂಟ್ರಿ. ಹೋದ ವರ್ಷ ಇವರನ್ನ ಮನಿಗೆ ಕಳಸ್ರಿ ಅಂತಿದ್ರಲ್ಲ ಮಂದಿ?

ಸಾಲಿನವರು ಜಾರೂದು ಬಿಟ್ಟಾರ. ಎದುರಿನವನ್ನ ಎದಿಗೆ ಎದಿ ಕೊಟ್ಟು ನಿಲ್ಲಸ್ತಾರ, ಆಮ್ಯಾಲೆ ಚೆಂಡು ಯಾಕಡೆ ಅಂತ ನೋಡ್ತಾರ.

---

ಮಂಡ್ಯ_ಟ್ರೋಜನ್ | 2 ಸೆಪ್ಟೆಂಬರ್ 2024

ನೋಡಿದೆ, ಎರಡು ಸಲ ನೋಡಿದೆ. ಲಿನ್ ಜೊತೆಗೆ ಬಂದವರನ್ನೂ ನೆನೀಬೇಕು. ರ‍್ಯಾಮ್ಸ್‌ನಿಂದ ಎರಿಕ್ ಹೆಂಡರ್ಸನ್ ಸಾಲಿನವರಿಗೆ, ನಾರ್ತ್ ಡಕೋಟ ಸ್ಟೇಟ್‌ನಲ್ಲಿ ಹೆಡ್ ಕೋಚ್ ಆಗಿದ್ದ ಮ್ಯಾಟ್ ಎಂಟ್ಜ್ ಲೈನ್‌ಬ್ಯಾಕರ್‌ಗಳಿಗೆ. ಆ ಕುರ್ಚಿ ಬಿಟ್ಟು ಈ ಕೆಲಸಕ್ಕೆ ಬಂದವರು. ಬಾಗಿಲು ಕಾಯೋನಿಗೆ ಹೇಳಿಕೊಡೋಕೆ ಮನೆ ಕಟ್ಟಿದವನೇ ಬಂದ ಹಾಗಾಯ್ತು.

ಪೇಡೆ ಅವರೆ, ಬೆರಳು ಜೋಡಿಸ್ಕೊಂಡಿರೋಣ. ಈ ವರ್ಷದಿಂದ ನಮ್ಮ ಲೀಗ್ ಬಿಗ್ ಟೆನ್. ಅಲ್ಲಿ ಎಲ್ಲರೂ ಓಡೋರೇ.

---

ಉಪ್ಪುಕೆರೆ_ಊರವಳು | 22 ಸೆಪ್ಟೆಂಬರ್ 2024

ಮಿಷಿಗನ್. ಪಾಸ್‌ನಲ್ಲಿ ಬರೀ 32 ಯಾರ್ಡ್. ಅಂಥ ತಂಡಕ್ಕೆ 27-24ಕ್ಕೆ ಸೋತ್ರಾ? ಮಗುವಿಗೆ ಈಗ ಎರಡು ವರ್ಷ, ಅದೂ ನಕ್ಕಿತು.

---

ಮಂಡ್ಯ_ಟ್ರೋಜನ್ | 22 ಸೆಪ್ಟೆಂಬರ್ 2024

ನಕ್ಕೊಳ್ಳಲಿ ಪಾಪ. ಕೇಲೆಲ್ ಮಲ್ಲಿಂಗ್ಸ್ ಕೊನೆಯಲ್ಲಿ 63 ಯಾರ್ಡ್ ಓಡಿದ. ಆ ಒಂದು ಓಟ ಬಿಟ್ಟರೆ ಎರಡನೇ ಅರ್ಧದಲ್ಲಿ ಹುಡುಗರು ಚೆನ್ನಾಗೇ ಆಡಿದ್ರು. ಆ ಓಟದಲ್ಲೂ ಅವನನ್ನ ಸಾಲಿನ ಹತ್ತಿರವೇ ಹಿಡಿದಿದ್ರು, ಕೈಗೆ ಸಿಕ್ಕವನು ಜಾರಿಹೋದ. ನಾನು ಸೋಫಾ ಮೇಲೆ ಎದ್ದು ನಿಂತು "ಎರಡನೇವನೆಲ್ಲಿ" ಅಂತ ಧಾರವಾಡದ ಧಾಟಿಯಲ್ಲೇ ಕೂಗಿದೆ.

---

ಲೆಕ್ಕದ_ಮೇಷ್ಟ್ರು | 28 ಡಿಸೆಂಬರ್ 2024

ನಿನ್ನೆ ಲಾಸ್ ವೇಗಸ್ ಬೌಲ್: ಟೆಕ್ಸಾಸ್ ಎ ಆ್ಯಂಡ್ ಎಂ ಮೇಲೆ 35-31. 24-7 ಹಿಂದಿದ್ದು ಗೆದ್ದದ್ದು, 8 ಸೆಕೆಂಡ್ ಬಾಕಿ ಇರುವಾಗ ಕ್ವಾರ್ಟರ್‌ಬ್ಯಾಕ್ ಜೇಡನ್ ಮಾಯಾವನಿಂದ ಕೈಲ್ ಫೋರ್ಡ್‌ಗೆ ಪಾಸ್.

ಈಗ ವಿಚಿತ್ರ ನೋಡಿ. ಈ ವರ್ಷ 13 ಪಂದ್ಯಕ್ಕೆ ಕೊಟ್ಟದ್ದು 313, ಸರಾಸರಿ 24. ಕಳೆದ ವರ್ಷಕ್ಕಿಂತ ಪಂದ್ಯಕ್ಕೆ ಹತ್ತು ಅಂಕ ಕಮ್ಮಿ. ಗೆಲುವು? ಕಳೆದ ವರ್ಷ 8-5, ಈ ವರ್ಷ 7-6.

ಮಿಷಿಗನ್‌ಗೆ 3ರಿಂದ, ಮಿನೆಸೋಟಗೆ 7ರಿಂದ, ಪೆನ್ ಸ್ಟೇಟ್‌ಗೆ ಓವರ್‌ಟೈಮ್‌ನಲ್ಲಿ 3ರಿಂದ, ಮೇರಿಲ್ಯಾಂಡ್‌ಗೆ 1ರಿಂದ, ವಾಷಿಂಗ್ಟನ್‌ಗೆ 5ರಿಂದ. ಐದರಲ್ಲೂ ನಾಲ್ಕನೇ ಕ್ವಾರ್ಟರ್‌ನಲ್ಲಿ ನಾವು ಮುಂದಿದ್ದೆವು. ನೋತ್ರ ಡೇಮ್ ಒಂದೇ ಹಳೇ ಥರ, 49-35.

---

ನಾರ್ಮನ್_ನಂಜುಂಡ | 28 ಡಿಸೆಂಬರ್ 2024

ಪೆನ್ ಸ್ಟೇಟ್ ಟೈಟ್ ಎಂಡ್ ಟೈಲರ್ ವಾರನ್ 17 ಕ್ಯಾಚ್, 224 ಯಾರ್ಡ್. ಕಿಂಕೇಡ್ ಕತೆ ಮತ್ತೆ. ಮೈದಾನದ ನಡುವೆ ಎತ್ತರದವನೊಬ್ಬ ಕೈಚಾಚಿ ನಿಂತರೆ ನಿಮಗೆ ಇನ್ನೂ ಉತ್ತರ ಗೊತ್ತಿಲ್ಲ. ಲಿನ್ ಬಂದರೂ ಅದು ಮಾತ್ರ ಹೋಗಿಲ್ಲ. ಇನ್ನು ನಾಲ್ಕನೇ ಕ್ವಾರ್ಟರ್ ಸೋಲುಗಳಿಗೆ ಯಾರ ಹೆಸರು ಬರೀತೀರೋ ಬರ್ಕೊಳ್ಳಿ, ನಾನು 2018ರಲ್ಲೇ ಬರೆದಿಟ್ಟಿದ್ದೀನಿ.

---

ಗಾಂಧಿಬಜಾರ್_ಗುರು | 28 ಡಿಸೆಂಬರ್ 2024

ಅಕ್ಕನ ಮಗ ಅನ್‌ಬ್ಲಾಕ್ ಮಾಡಿದ್ದಾನೆ. ಈ ಸಲ ಅವನು ಬೈತಿರೋದು ಆಫೆನ್ಸ್‌ನ. ನನಗಂತೂ ಈಗ ಗ್ಯಾಪ್ ಯಾವುದು, ಎಡ್ಜ್ ಯಾವುದು ಅಂತ ಕಾಣ್ತಿದೆ, ಬೆಳಗಿನ ಜಾವ ಎದ್ದು ನೋಡ್ತೀನಿ. ಮನೆಯವಳು ಯೋಗಕ್ಕೆ ಏಳ್ತಿದ್ದಾರೆ ಅನ್ಕೊಂಡಿದ್ದಾಳೆ.

---

ಮಂಡ್ಯ_ಟ್ರೋಜನ್ | 28 ಡಿಸೆಂಬರ್ 2024

ಗುರು, ಹಾಗೇ ಅನ್ಕೊಂಡಿರಲಿ ಬಿಡಿ.

ಮುಂದಿನ ಸೀಸನ್ ಆಗಸ್ಟ್ 30ಕ್ಕೆ, ಕೊಲಿಸಿಯಮ್‌ನಲ್ಲಿ ಮಿಸ್ಸೌರಿ ಸ್ಟೇಟ್ ಎದುರು. ಹತ್ತಿರ ಇರೋರು ಬನ್ನಿ. ಚಿತ್ರಾನ್ನ ನಂದು, ಪೇಡೆ ಯಾರು ತರ್ತಾರೆ ಅಂತ ಕೇಳೋ ಹಾಗಿಲ್ಲ.

---

ಧಾರವಾಡ_ಪೇಡೆ | 28 ಡಿಸೆಂಬರ್ 2024

ಎರಡು ಕಿಲೋ ಹಿಡಕೊಂಡ ಬರ್ತೀನಿ ರೀ. ಸೇಫ್ಟಿ ಮಂದಿಗೆ ಕೊಡೂದಿಲ್ಲ.